ಕ್ಯಾಬಿನೆಟ್‌ನಿಂದ ಕಿರ್ರ್, ಸ್ಪೀಕರ್‌ನಲ್ಲಿ ಗುಂಯ್: ಪವರ್ ಸಪ್ಲೈ ಬದಲಿಸಬೇಕಾ?

#1 · ಹುಬ್ಬಳ್ಳಿ ಡೆಸ್ಕ್

ಎಲ್ಲಾರಿಗೂ ನಮಸ್ಕಾರ್ರಿ. ಡೆಸ್ಕ್‌ಟಾಪ್‌ದಾಗ ಎರಡು ನಮೂನಿ ಸದ್ದು ಬರಾಕತ್ತೈತಿ.

ಒಂದು, ಗೇಮ್ ಮೆನು ತೆರೆದ ಕೂಡ್ಲೇ ಕ್ಯಾಬಿನೆಟ್ ಒಳಗಿಂದ ಕಿರ್ರ್ ಅಂತ ಸಣ್ಣ ದನಿ. ಆಟ ಚಾಲೂ ಆದ ಮ್ಯಾಲೆ ಕಡಿಮಿ ಆಗತೈತಿ. ಇನ್ನೊಂದು, ಸ್ಪೀಕರ್‌ನ್ಯಾಗ ಯಾವಾಗ್ಲೂ ಗುಂಯ್ ಅಂತೈತಿ, ಮೌಸ್ ಸರಸಿದ್ರ ಅದರ ಜೋಡಿ ಚಿರ್ ಚಿರ್. ಮುಂದಿನ ಜ್ಯಾಕಿಗೆ ಹೆಡ್‌ಫೋನ್ ಹಾಕಿದ್ರ ಚಿರ್ ಚಿರ್ ಅಷ್ಟೇ, ಗುಂಯ್ ಇಲ್ಲ.

ಮಷೀನ್: 6 ಕೋರ್ ಪ್ರೊಸೆಸರ್, 220 ವ್ಯಾಟ್ ಗ್ರಾಫಿಕ್ಸ್ ಕಾರ್ಡ್ (8 ಪಿನ್ ಎರಡು, ಎರಡೂ ಒಂದೇ ಕೇಬಲ್‌ನಿಂದ), 650 ವ್ಯಾಟ್ ಗೋಲ್ಡ್ ಪವರ್ ಸಪ್ಲೈ, 144 ಹರ್ಟ್ಜ್ ಮಾನಿಟರ್. ಎಚ್‌ಡಿಎಂಐನಿಂದ ಟಿವಿಗೂ ಕನೆಕ್ಷನ್ ಐತಿ, ಟಿವಿಗೆ ಕೇಬಲ್‌ನವರ ವೈರ್ ಬರತೈತಿ. ಸ್ಪೀಕರ್‌ಗೆ ತನ್ನದೇ 3 ಪಿನ್ ಕಾರ್ಡ್, ಅದು ಆ ಕಡಿ ಗ್ವಾಡಿ ಪಾಯಿಂಟ್‌ಗೆ. ಅಂಗಡಿಯವ್ರು ಪವರ್ ಸಪ್ಲೈ ಬದಲಿಸ್ರಿ ಅಂತಾರ. ರೊಕ್ಕ ಹಾಕೂಕಿಂತ ಮೊದ್ಲ ಏನೇನು ನೋಡಬೇಕ್ರಿ?

#2 · ಚೋಕ್ ಮತ್ತು ಮಾಸ್ಫೆಟ್

ಸದ್ಯಕ್ಕೆ ಏನೂ ಕೊಳ್ಳಬೇಡಿ. ಇವು ಎರಡು ಬೇರೆ ಕಾಯಿಲೆಗಳ ಹಾಗೆ ಕಾಣುತ್ತಿವೆ. ಒಂದು ಗಾಳಿಯಲ್ಲಿ ಬರುವ ಸದ್ದು: ಬೋರ್ಡಿನ ಮೇಲಿನ ಯಾವುದೋ ಭಾಗ ನಿಜವಾಗಿಯೂ ಅದುರುತ್ತಿದೆ. ಇನ್ನೊಂದು ತಂತಿಯಲ್ಲಿ ಬರುವ ಸದ್ದು: ಸ್ಪೀಕರ್ ಒಳಗಿನ ಆಂಪ್ಲಿಫೈಯರ್ ಅದನ್ನು ಹಾಡೆಂದೇ ತಿಳಿದು ದೊಡ್ಡದು ಮಾಡುತ್ತಿದೆ. ಸ್ಪೀಕರ್ ಆಫ್ ಮಾಡಿ, ಹೆಡ್‌ಫೋನ್ ಕಿತ್ತುಬಿಡಿ. ಆಮೇಲೂ ಕೇಳಿಸುವುದು ಮೊದಲನೆಯದು. ಅದರ ಬಗ್ಗೆ ಮಾತ್ರ ನಾನು ಬರೆಯುತ್ತೇನೆ.

ಗ್ರಾಫಿಕ್ಸ್ ಕಾರ್ಡ್ 12 ವೋಲ್ಟ್ ತೆಗೆದುಕೊಂಡು ಚಿಪ್‌ಗೆ ಸುಮಾರು 1 ವೋಲ್ಟ್ ಮಾಡಿ ಕೊಡುತ್ತದೆ. ವೋಲ್ಟೇಜ್ ಅಷ್ಟು ಇಳಿದಾಗ ಕರೆಂಟ್ ನೂರು ಆಂಪಿಯರ್ ದಾಟುತ್ತದೆ. ಅಷ್ಟೂ ಕರೆಂಟ್ ಹಾದುಹೋಗುವುದು ಚಿಪ್ಪಿನ ಪಕ್ಕದಲ್ಲಿ ಸಾಲಾಗಿ ಕೂತಿರುವ ಚೋಕ್‌ಗಳ ಮೂಲಕ. ಮೇಲೆ ಆರ್22, ಆರ್15 ಎಂದು ಅಚ್ಚಾಗಿರುವ ಬೂದು ಬಣ್ಣದ ಚೌಕ ಡಬ್ಬಿಗಳು ಅವೇ (ಆರ್22 ಅಂದರೆ 0.22 ಮೈಕ್ರೋಹೆನ್ರಿ). ಕರೆಂಟ್ ಏರಿಳಿದಂತೆ ಒಳಗಿನ ಸುರುಳಿಯ ಮೇಲೆ ಬೀಳುವ ಕಾಂತಬಲವೂ ಏರಿಳಿಯುತ್ತದೆ, ಸುರುಳಿ ಅದುರುತ್ತದೆ.

ಈ ಸರ್ಕ್ಯೂಟ್ ಸ್ವಿಚ್ ಆಗುವುದು ಸಾಮಾನ್ಯವಾಗಿ 300 ಕಿಲೋಹರ್ಟ್ಜ್‌ನಿಂದ 1 ಮೆಗಾಹರ್ಟ್ಜ್ ಒಳಗೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಜ್. ಹಾಗಾಗಿ ಸ್ವಿಚಿಂಗ್ ಸದ್ದು ಕೇಳಿಸುವುದೇ ಇಲ್ಲ. ಕೇಳಿಸುವುದು ಲೋಡ್‌ನ ಏರಿಳಿತ. ಪ್ರತಿ ಫ್ರೇಮ್‌ಗೂ (ಪರದೆಗಾಗಿ ಬಿಡಿಸುವ ಒಂದೊಂದು ಚಿತ್ರಕ್ಕೂ) ಚಿಪ್ ಒಮ್ಮೆ ಜೋರಾಗಿ ಎಳೆದು ಒಮ್ಮೆ ಬಿಡುತ್ತದೆ. ಮೆನುವಿನಲ್ಲಿ ಬಿಡಿಸಲು ಹೆಚ್ಚೇನೂ ಇಲ್ಲ, ಫ್ರೇಮ್ ರೇಟ್ ಸಾವಿರ ಎರಡು ಸಾವಿರಕ್ಕೆ ಏರುತ್ತದೆ. ಸೆಕೆಂಡಿಗೆ 2000 ಫ್ರೇಮ್ ಅಂದರೆ 2 ಕಿಲೋಹರ್ಟ್ಜ್. ನಮ್ಮ ಕಿವಿ ಅತಿ ಚುರುಕಾಗಿರುವುದು 2ರಿಂದ 5 ಕಿಲೋಹರ್ಟ್ಜ್ ನಡುವೆಯೇ. ಆಟ ಶುರುವಾದಾಗ ಫ್ರೇಮ್ ರೇಟ್ ನೂರರ ಆಸುಪಾಸಿಗೆ ಇಳಿಯುತ್ತದೆ, ಸದ್ದೂ ಅಡಗುತ್ತದೆ. ನೀವು ಬರೆದಿರುವುದು ತಪ್ಪದೆ ಇದೇ ಲಕ್ಷಣ.

ಜಾಗ ಪತ್ತೆ ಮಾಡುವುದಕ್ಕೆ ದಿನಪತ್ರಿಕೆಯ ಒಂದು ಹಾಳೆಯನ್ನು ಬಿಗಿಯಾಗಿ ಕೊಳವೆಯಂತೆ ಸುತ್ತಿ. ಪಕ್ಕದ ಬಾಗಿಲು ತೆಗೆದು, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಡ್‌ನಿಂದ ಒಂದು ಗೇಣು ದೂರದಲ್ಲಿ ಹಿಡಿದು ನಿಧಾನವಾಗಿ ಸರಿಸಿ. ಫ್ಯಾನ್ ಹತ್ತಿರ ಹೋಗಬೇಡಿ. ಕಾಗದವೇ ಆಗಬೇಕು, ಲೋಹದ ಕೊಳವೆ ಬೇಡ. ಫೋನ್‌ನಲ್ಲಿ ಸ್ಪೆಕ್ಟ್ರಾಯ್ಡ್ ಥರದ ಸ್ಪೆಕ್ಟ್ರಮ್ ಆ್ಯಪ್ ಇದ್ದರೆ ಯಾವ ಹರ್ಟ್ಜ್‌ನಲ್ಲಿ ಗೆರೆ ಎದ್ದು ನಿಲ್ಲುತ್ತದೆ ನೋಡಿ ಬರೆದುಕೊಳ್ಳಿ.

ಆಮೇಲೆ ಬೇರೆ ಬೇರೆ ಲೋಡ್. ಗ್ರಾಫಿಕ್ಸ್ ಕಾರ್ಡ್‌ಗೆ ಪೂರ್ತಿ ಲೋಡ್ ಕೊಡುವ ಫರ್‌ಮಾರ್ಕ್ ಪ್ರೋಗ್ರಾಂ ಹಾಕಿ ರೆಸಲ್ಯೂಷನ್ ಬದಲಿಸುತ್ತಾ ಹೋಗಿ: ಫ್ರೇಮ್ ರೇಟ್ ಜೊತೆ ಸ್ವರವೂ ಏರಿಳಿದರೆ ಅದು ಗ್ರಾಫಿಕ್ಸ್ ಕಾರ್ಡ್. ಸಿನೆಬೆಂಚ್‌ನಂಥ ಪ್ರೊಸೆಸರ್ ಲೋಡ್‌ಗೆ ಮಾತ್ರ ಬಂದರೆ ಮದರ್‌ಬೋರ್ಡ್. ಯಾವ ಲೋಡ್ ಕೊಟ್ಟರೂ ಒಟ್ಟು ವ್ಯಾಟ್ ಏರಿದಾಗ ಬಂದರೆ, ಕೊಳವೆಯೂ ಅಲ್ಲೇ ತೋರಿಸಿದರೆ, ಆಗ ಪವರ್ ಸಪ್ಲೈ ಮೇಲೆ ಅನುಮಾನ ಪಡಿ.

#3 · ಲೈನ್ ಔಟ್

ಸ್ಪೀಕರ್ ಭಾಗ ನಾನು ಹೇಳುತ್ತೇನೆ. ಗುಂಯ್ ಬೇರೆ, ಚಿರ್ ಚಿರ್ ಬೇರೆ.

ಗುಂಯ್ ಅನ್ನುವುದು 50 ಅಥವಾ 100 ಹರ್ಟ್ಜ್. ಅಂದರೆ ಕೆಇಬಿ ಲೈನ್‌ನದೇ ಸದ್ದು. ಪಿಸಿ ಒಂದು ಪಾಯಿಂಟ್‌ನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ. ಎರಡು ಅರ್ತ್‌ಗಳ ನಡುವೆ ಒಂದಿಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದರೆ ಆಡಿಯೋ ವೈರಿನ ಹೊರ ಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ. ಆ ಜಾಲರಿಯೇ ಹಾಡಿನ ವಾಪಸು ದಾರಿಯೂ ಆಗಿರುವುದರಿಂದ ಎರಡೂ ಬೆರೆಯುತ್ತವೆ. ಟಿವಿಯ ಕೇಬಲ್ ವೈರ್ ಮೂರನೇ ದಾರಿ: ಅದರ ಜಾಲರಿ ಬೀದಿಯ ಕಂಬದಿಂದ ಎಚ್‌ಡಿಎಂಐ ಮೂಲಕ ನಿಮ್ಮ ಪಿಸಿಗೆ ಬಂದು ಸೇರುತ್ತದೆ. ಇಂಟರ್ನೆಟ್ಟಿನ ಮಾಮೂಲಿ ಎತರ್ನೆಟ್ ಕೇಬಲ್ ಹಾಗಲ್ಲ, ಅದರ ಎರಡೂ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ಜಾಲರಿ ಇರುವ ಎತರ್ನೆಟ್ ಕೇಬಲ್ ಆದರೆ ಮಾತ್ರ ಅನುಮಾನಿಸಿ.

ಪರೀಕ್ಷೆ ಈ ಕ್ರಮದಲ್ಲಿ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ:

1. ಸ್ಪೀಕರ್‌ನಿಂದ ಆಡಿಯೋ ವೈರ್ ಕೀಳಿ. ಗುಂಯ್ ಉಳಿದರೆ ಸ್ಪೀಕರೇ ಕೆಟ್ಟಿದೆ.
2. ವೈರ್ ಹಾಕಿ, ಪಿಸಿ ಬದಲು ಬ್ಯಾಟರಿಯಲ್ಲಿ ಓಡುವ ಫೋನ್‌ಗೆ ಚುಚ್ಚಿ. ನಿಂತರೆ ಗ್ರೌಂಡ್ ಲೂಪ್, ಅಂದರೆ ಮೇಲೆ ಹೇಳಿದ ಅರ್ತ್ ಕರೆಂಟಿನ ಸುತ್ತು.
3. ಪಿಸಿಗೆ ವಾಪಸ್ ಹಾಕಿ, ಟಿವಿಯ ಕೇಬಲ್ ವೈರನ್ನು ಸ್ಕ್ರೂ ಬಿಚ್ಚಿ ತೆಗೆಯಿರಿ.
4. ಪಿಸಿ, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ಕೇಳಿ.

ಚಿರ್ ಚಿರ್ ಬಂದಿರುವುದು ಒಳಗಿನಿಂದ. ಹೆಚ್ಚಿನ ಗೇಮಿಂಗ್ ಮೌಸ್ ಸೆಕೆಂಡಿಗೆ 1000 ಸಲ ವರದಿ ಕಳಿಸುತ್ತದೆ, ಅಂದರೆ 1 ಕಿಲೋಹರ್ಟ್ಜ್. ಮೌಸ್ ಸಾಫ್ಟ್‌ವೇರ್‌ನಲ್ಲಿ ಅದನ್ನು 500ಕ್ಕೆ ಇಳಿಸಿ ನೋಡಿ. ಸ್ವರ ಬದಲಾದರೆ ದಾರಿ ಖಾತ್ರಿಯಾಯಿತು. ಮುಂದಿನ ಜ್ಯಾಕಿನ ಎಚ್‌ಡಿ ಆಡಿಯೋ ಕೇಬಲ್ ಬೋರ್ಡಿನ ಕೆಳ ಎಡ ಮೂಲೆಯಿಂದ ಕ್ಯಾಬಿನೆಟ್ ಮುಂಭಾಗದವರೆಗೆ ಬರುತ್ತದೆ. ಎಷ್ಟೋ ಸಲ ಅದಕ್ಕೆ ಜಾಲರಿಯೇ ಇರುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ಅಡಿಯಲ್ಲೇ ಹಾದಿರುತ್ತದೆ. ಅದನ್ನು ಬೋರ್ಡಿನ ಹಿಂದಿನ ತಟ್ಟೆಯ ಕಡೆಯಿಂದ ಸುತ್ತಿಸಿ ತನ್ನಿ. ಹೆಡ್‌ಫೋನ್ ಹಿಂದಿನ ಹಸಿರು ಜ್ಯಾಕಿಗೆ ಹಾಕಿ ಹೋಲಿಸಿ. ಸೌಂಡ್ ಸೆಟ್ಟಿಂಗ್‌ನ ಲೆವೆಲ್ಸ್‌ನಲ್ಲಿ ಲೈನ್ ಇನ್, ಮೈಕ್ ಇವು ಪ್ಲೇಬ್ಯಾಕ್‌ಗೆ ತೆರೆದಿದ್ದರೆ ಮ್ಯೂಟ್ ಮಾಡಿ. ವಿಂಡೋಸ್ ವಾಲ್ಯೂಮ್ 80ರಿಂದ 100ರಲ್ಲಿ ಇಟ್ಟು ಸ್ಪೀಕರ್ ಗುಬುಟನ್ನು ಇಳಿಸಿ. ಅನೇಕರು ಇದನ್ನು ತಿರುಗುಮುರುಗು ಮಾಡಿ, ಗಲಾಟೆಯನ್ನೇ ದೊಡ್ಡದು ಮಾಡಿಕೊಂಡಿರುತ್ತಾರೆ.

#4 · ತುಮಕೂರು ವೈರಿಂಗ್

ಲೈನ್ ಔಟ್ ಅವರ ನಾಲ್ಕನೇ ಹೆಜ್ಜೆಗೆ ಮೊದಲು ಅರ್ತಿಂಗ್ ನೋಡಲೇಬೇಕು. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅದರ ಹಿಂದೆ ಹಸಿರು ವೈರ್ ಇದೆ ಅಂದುಕೊಳ್ಳಬೇಡಿ.

ಮಲ್ಟಿಮೀಟರನ್ನು ಎಸಿ 750 ಅಥವಾ 600 ವೋಲ್ಟ್ ರೇಂಜ್‌ಗೆ ಇಡಿ. ಆ ಪಾಯಿಂಟ್‌ನಿಂದ ಎಲ್ಲ ಪ್ಲಗ್ ತೆಗೆದು ಮೂರು ಅಳತೆ ತೆಗೆದುಕೊಳ್ಳಿ. ಫೇಸ್‌–ನ್ಯೂಟ್ರಲ್ 220ರಿಂದ 240. ಫೇಸ್‌–ಅರ್ತ್ ಹೆಚ್ಚೂಕಡಿಮೆ ಅಷ್ಟೇ. ನ್ಯೂಟ್ರಲ್‌–ಅರ್ತ್ ಅರ್ಧದಿಂದ 3 ವೋಲ್ಟ್. ಕೊನೆಯದು ಹತ್ತು, ಇಪ್ಪತ್ತು, ಅರವತ್ತು ಅಂತ ಅಲೆದಾಡಿದರೆ ಅರ್ತ್ ವೈರ್ ಎಲ್ಲೋ ತುಂಡಾಗಿದೆ ಅಥವಾ ಎಳೆದೇ ಇಲ್ಲ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೋ ಗೀಸರ್ರೋ ಓಡುತ್ತಿದ್ದಾಗಲೂ ಸೊನ್ನೆಗೆ ಅಂಟಿಕೊಂಡಿದ್ದರೆ ಇನ್ನೂ ಕೆಟ್ಟದ್ದು: ಸಾಕೆಟ್ ಒಳಗೇ ನ್ಯೂಟ್ರಲ್‌ಗೂ ಅರ್ತ್‌ಗೂ ತುಂಡು ವೈರ್ ಸೇರಿಸಿರುವ ಸಾಧ್ಯತೆ ಇದೆ. ಅಲ್ಲಿ ನ್ಯೂಟ್ರಲ್ ಕಟ್ಟಾದ ಕ್ಷಣ ಕ್ಯಾಬಿನೆಟ್ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ.

ಅರ್ತ್ ಇಲ್ಲದಿದ್ದರೆ ಪಿಸಿಯಲ್ಲಿ ಏನಾಗುತ್ತದೆ? ಪವರ್ ಸಪ್ಲೈ ಬಾಯಲ್ಲಿ ಫಿಲ್ಟರ್ ಇದೆ. ಅದರಲ್ಲಿ ಫೇಸ್‌ನಿಂದ ಮೈಗೆ ಒಂದು, ನ್ಯೂಟ್ರಲ್‌ನಿಂದ ಮೈಗೆ ಒಂದು, ಸಮ ಬೆಲೆಯ ಎರಡು ವೈ ಕೆಪಾಸಿಟರ್. ಅರ್ತ್ ಇದ್ದರೆ ಗಲಾಟೆ ಅದರಲ್ಲಿ ಇಳಿದು ಹೋಗುತ್ತದೆ. ಇಲ್ಲದಿದ್ದರೆ ಆ ಎರಡೂ ಸೇರಿ 230ನ್ನು ಅರ್ಧ ಮಾಡಿ ಕ್ಯಾಬಿನೆಟ್‌ಗೆ ಸುಮಾರು 115 ವೋಲ್ಟ್ ಕೊಡುತ್ತವೆ. 4.7 ನ್ಯಾನೋಫ್ಯಾರಡ್ ಆದರೆ ಕರೆಂಟ್ ಅರ್ಧ ಮಿಲಿಆಂಪಿಯರ್ ಒಳಗೇ, ಹಾಗಾಗಿ ಮುಟ್ಟಿದರೆ ಜುಮ್ ಅನ್ನುತ್ತದೆ ಅಷ್ಟೇ. ಟೆಸ್ಟರನ್ನು ಕ್ಯಾಬಿನೆಟ್ ಹಿಂದಿನ ಬರಿ ಸ್ಕ್ರೂಗೆ ಇಟ್ಟರೆ ಮಂದವಾಗಿ ಹೊತ್ತುತ್ತದೆ. ಆ ಕರೆಂಟ್ ಹೇಗಾದರೂ ಭೂಮಿ ಸೇರಲೇಬೇಕು. ನಿಮ್ಮಲ್ಲಿ ಅದಕ್ಕೆ ಸಿಕ್ಕಿರುವ ದಾರಿ ಬಹುಶಃ ಆಡಿಯೋ ವೈರ್.

ಆಡಿಯೋ ವೈರ್, ಎಚ್‌ಡಿಎಂಐ, ಮಾನಿಟರ್ ಕೇಬಲ್ ಎಲ್ಲ ತೆಗೆದು ಕ್ಯಾಬಿನೆಟ್‌ನಿಂದ ನ್ಯೂಟ್ರಲ್‌ಗೆ ಒಮ್ಮೆ ಅಳೆಯಿರಿ. ಆಡಿಯೋ ವೈರ್ ಒಂದನ್ನೇ ಹಾಕಿ ಇನ್ನೊಮ್ಮೆ. ಪ್ರೋಬ್ ಹಿಡಿದ ಕೈ ಒಂದೇ ಇರಲಿ, ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ.

ಮತ್ತೊಂದು ಮಾತು: ಗುಂಯ್ ನಿಲ್ಲುತ್ತದೆ ಅಂತ ಯಾರಾದರೂ ಪ್ಲಗ್‌ನ ದಪ್ಪ ಪಿನ್ ಕತ್ತರಿಸಿ ಅಂದರೆ ಕೇಳಬೇಡಿ. ಸದ್ದು ನಿಂತೀತು, ಜೀವಕ್ಕಿದ್ದ ಕಾವಲೂ ಹೋಗುತ್ತದೆ.

#5 · ಹುಬ್ಬಳ್ಳಿ ಡೆಸ್ಕ್

ಎಲ್ಲಾ ಮಾಡಿ ನೋಡೇನ್ರಿ, ಬರಕೊಂಡದ್ದು ಹಿಂಗೈತಿ.

ಕಿರ್ರ್ ಸದ್ದು ಗ್ರಾಫಿಕ್ಸ್ ಕಾರ್ಡ್‌ನ್ಯಾಗ, 8 ಪಿನ್ ಚುಚ್ಚೋ ಜಾಗದ ಬಾಜೂಕ. ಮೆನುದಾಗ ಫ್ರೇಮ್ ರೇಟ್ 1900, ಆ್ಯಪ್‌ದಾಗ ಗೆರಿ 1900 ಹರ್ಟ್ಜ್‌ಗೆ ಒಂದು, 3800ಕ್ಕ ಇನ್ನೊಂದು. ರೆಸಲ್ಯೂಷನ್ ಏರಿಸಿದ್ರ ಗೆರಿ ಕೆಳಗ ಇಳೀತೈತಿ. ಪ್ರೊಸೆಸರ್ ಲೋಡ್‌ಗೆ ಏನೂ ಇಲ್ಲ.

ಪಿಸಿ ಪಾಯಿಂಟ್: ಫೇಸ್‌–ನ್ಯೂಟ್ರಲ್ 231, ನ್ಯೂಟ್ರಲ್‌–ಅರ್ತ್ 20ರಿಂದ 68ರ ತನಕ ಕುಣೀತೈತಿ. ಸ್ಪೀಕರ್ ಪಾಯಿಂಟ್‌ದಾಗ ನ್ಯೂಟ್ರಲ್‌–ಅರ್ತ್ 1.8. ಕ್ಯಾಬಿನೆಟ್‌ನಿಂದ ನ್ಯೂಟ್ರಲ್‌ಗೆ, ವೈರ್ ಎಲ್ಲಾ ತಗದಾಗ 112. ಆಡಿಯೋ ವೈರ್ ಹಾಕಿದ ಕೂಡ್ಲೇ 2.

ಫೋನ್‌ಗೆ ಹಾಕಿದ್ರ ಗುಂಯ್ ಪೂರಾ ಬಂದ್. ಟಿವಿ ಕೇಬಲ್ ತಗದ್ರ ಸ್ವಲ್ಪ ಕಡಿಮಿ, ಪೂರಾ ಹೋಗಲಿಲ್ಲ. ಮೌಸ್ 500ಕ್ಕ ಇಳಿಸಿದ್ರ ಚಿರ್ ಚಿರ್ ದನಿ ದಪ್ಪ ಆತು.

#6 · ತುಮಕೂರು ವೈರಿಂಗ್

112ರಿಂದ 2ಕ್ಕೆ ಇಳಿದದ್ದೇ ಸಾಕ್ಷಿ. ನಿಮ್ಮ ಪಿಸಿಗೆ ಈಗ ಅರ್ತ್ ಆಗಿರುವುದು ಕೂದಲೆಳೆಯ ದಪ್ಪದ ಆಡಿಯೋ ಜಾಲರಿ. ನಾಳೆ ಪವರ್ ಸಪ್ಲೈ ಒಳಗೆ ಫೇಸ್ ಮೈಗೆ ತಾಗಿದರೆ ಫ್ಯೂಸ್ ಹಾರಿಸಬೇಕಾದ ಕರೆಂಟ್ ಅದರಲ್ಲೇ ಹೋಗುತ್ತದೆ. ಜಾಲರಿ ಸುಟ್ಟು, ಆಮೇಲೆ ಕ್ಯಾಬಿನೆಟ್ ಲೈವ್. ಇದನ್ನು ಸದ್ದಿನ ಸಮಸ್ಯೆ ಅಂತ ನೋಡದೆ ಈ ವಾರವೇ ಸರಿಪಡಿಸಿ.

ಸ್ಪೀಕರ್ ಪಾಯಿಂಟ್‌ನಲ್ಲಿ ಅರ್ತ್ ಇರುವುದರಿಂದ ಮನೆಗೆ ಅರ್ತ್ ಪಿಟ್ ಇದೆ. ಮೇನ್ ಆಫ್ ಮಾಡಿಸಿ ಪಿಸಿ ಪಾಯಿಂಟ್‌ನ ಪ್ಲೇಟ್ ಬಿಚ್ಚಿಸಿ. ಹಸಿರು ವೈರ್ ಸಡಿಲಾಗಿದ್ದರೆ ತುದಿ ಹೊಸದಾಗಿ ಸುಲಿದು ಬಿಗಿಯುವುದಷ್ಟೇ. ಇಲ್ಲದಿದ್ದರೆ ಡಿಬಿಯ (ಎಂಸಿಬಿಗಳಿರುವ ಮೇನ್ ಪೆಟ್ಟಿಗೆ) ಅರ್ತ್ ಪಟ್ಟಿಯಿಂದ ತಾಮ್ರದ 2.5 ಸ್ಕ್ವೇರ್ ಎಂಎಂ ಹಸಿರು ವೈರ್ ಅದೇ ಪೈಪ್‌ನಲ್ಲಿ ಎಳೆಸಿ. ಪಕ್ಕದ ಪಾಯಿಂಟ್‌ನ ನ್ಯೂಟ್ರಲ್‌ನಿಂದ ಅಲ್ಲ, ನೀರಿನ ಪೈಪ್‌ನಿಂದಲೂ ಅಲ್ಲ.

ಮೀಟರ್ ಸರಿ ತೋರಿಸಿದರೂ ವೈರ್‌ಮನ್ ಕೈಲಿ ಲೋಡ್ ಹಾಕಿ ಪರೀಕ್ಷೆ ಮಾಡಿಸಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಏನೇನೂ ಅಲ್ಲ, ತುಕ್ಕು ಹಿಡಿದ ಜಾಯಿಂಟ್ ಮೇಲೂ 230 ತೋರಿಸುತ್ತದೆ. ಫೇಸ್‌ಗೂ ಅರ್ತ್‌ಗೂ ನಡುವೆ 100 ವ್ಯಾಟ್ ಬಲ್ಬ್ ಪೂರ್ತಿ ಬೆಳಗಬೇಕು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಅರ್ತ್‌ಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಬಲ್ಬ್ ಹೊತ್ತುವ ಮೊದಲೇ ಅದು ಬೀಳಬೇಕು. ನೀವೇ ಕೈ ಹಾಕಬೇಡಿ: ಅರ್ತ್ ಕೆಟ್ಟಿದ್ದರೆ ಆ ಹೊತ್ತಿನಲ್ಲಿ ಮನೆಯ ಎಲ್ಲ ಲೋಹದ ಸಾಮಾನಿಗೂ ವೋಲ್ಟೇಜ್ ಹತ್ತುತ್ತದೆ.

#7 · ಚೋಕ್ ಮತ್ತು ಮಾಸ್ಫೆಟ್

1900 ಫ್ರೇಮ್, 1900 ಹರ್ಟ್ಜ್, ಅದರ ದುಪ್ಪಟ್ಟು 3800. ಇಷ್ಟು ಶುದ್ಧವಾದ ಹೊಂದಾಣಿಕೆ ಸಿಕ್ಕ ಮೇಲೆ ಬೇರೆ ಅನುಮಾನ ಬೇಡ.

ಮೊದಲ ಮದ್ದು ಫ್ರೇಮ್ ಮಿತಿ. ಡ್ರೈವರ್‌ನ 3ಡಿ ಸೆಟ್ಟಿಂಗ್‌ನಲ್ಲಿ ಗರಿಷ್ಠ ಫ್ರೇಮ್ ರೇಟ್ 141 ಇಡಿ, ಅಥವಾ ಫ್ರೇಮ್ ಮಿತಿ ಹಾಕುವ ಆರ್‌ಟಿಎಸ್‌ಎಸ್ ಪ್ರೋಗ್ರಾಂನಲ್ಲಿ. ಅಡಾಪ್ಟಿವ್ ಸಿಂಕ್ ಮಾನಿಟರ್ (ಫ್ರೇಮ್ ರೇಟ್‌ಗೆ ತಕ್ಕಂತೆ ತನ್ನ ಹರ್ಟ್ಜ್ ಬದಲಿಸುವಂಥದ್ದು) ಆದರೆ 144ಕ್ಕಿಂತ ಎರಡು ಮೂರು ಕಡಿಮೆ ಇಟ್ಟಾಗ ಅದು ತನ್ನ ಮಿತಿಯೊಳಗೇ ಉಳಿಯುತ್ತದೆ. ಗೇಮ್ ಒಳಗಿನ ಮಿತಿಯನ್ನೇ ನಂಬಬೇಡಿ, ಕೆಲವು ಗೇಮ್‌ಗಳಲ್ಲಿ ಅದು ಮೆನುವಿಗೆ ಅನ್ವಯ ಆಗುವುದಿಲ್ಲ.

ಆಟದ ನಡುವೆಯೂ ಸಣ್ಣಗೆ ಉಳಿದರೆ ಅಂಡರ್‌ವೋಲ್ಟ್, ಅಂದರೆ ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಕೊಡುವುದು. ಪೂರ್ತಿ ಲೋಡ್‌ನಲ್ಲಿ ಕಾರ್ಡ್ ಎಷ್ಟು ಮಿಲಿವೋಲ್ಟ್‌ಗೆ ಎಷ್ಟು ಮೆಗಾಹರ್ಟ್ಜ್ ಓಡುತ್ತಿದೆ ಬರೆದುಕೊಳ್ಳಿ. ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡ್ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ) ವೋಲ್ಟೇಜ್ ಗೆರೆಯ ಕಿಟಕಿ ತೆರೆಯಿರಿ. 75 ಮಿಲಿವೋಲ್ಟ್ ಕಡಿಮೆ ಇರುವ ಬಿಂದುವನ್ನು ಅದೇ ಮೆಗಾಹರ್ಟ್ಜ್‌ಗೆ ಎತ್ತಿ, ಅದರ ಬಲಗಡೆಯ ಬಿಂದುಗಳು ಅದಕ್ಕಿಂತ ಮೇಲೇಳದಂತೆ ಸಮ ಮಾಡಿ, ಅಪ್ಲೈ ಒತ್ತಿ. ಅರ್ಧ ಗಂಟೆ ಭಾರದ ಗೇಮ್ ಓಡಿಸಿ. ಡ್ರೈವರ್ ಬಿದ್ದರೆ 25 ಮಿಲಿವೋಲ್ಟ್ ವಾಪಸ್ ಏರಿಸಿ. ಬೂಟ್ ಆದಾಗ ತಾನಾಗಿ ಹಾಕುವ ಗುಂಡಿಯನ್ನು ಎರಡು ಮೂರು ದಿನ ಸ್ಥಿರವಾದ ಮೇಲೆ ಒತ್ತಿ, ಮೊದಲೇ ಅಲ್ಲ. ಇಷ್ಟು ಬೇಡ ಅನಿಸಿದರೆ ಪವರ್ ಲಿಮಿಟ್ 85 ಪರ್ಸೆಂಟ್ ಸಾಕು.

ಎರಡು 8 ಪಿನ್‌ಗೆ ಎರಡು ಬೇರೆ ಕೇಬಲ್ ಹಾಕಿ. ಸದ್ದು ಹೋಗುತ್ತದೆ ಅಂತ ಭರವಸೆ ಕೊಡಲಾರೆ, ಆದರೆ ಕೇಬಲ್ ಬಿಸಿಯೂ ವೋಲ್ಟೇಜ್ ಇಳಿತವೂ ಕಡಿಮೆಯಾಗುತ್ತದೆ, ಖರ್ಚೂ ಇಲ್ಲ.

#8 · ಬಿಸಿ ಗ್ಲೂ

ಚೋಕ್ ಮೇಲೆ ಗ್ಲೂ ಗನ್ ಹಾಕಿದರೆ ಒಂದೇ ಸಲಕ್ಕೆ ಕೆಲಸ ಮುಗಿಯಲ್ವಾ? ವಿಡಿಯೋಗಳಲ್ಲಿ ಎಲ್ಲರೂ ಅದನ್ನೇ ತೋರಿಸ್ತಾರೆ.

#9 · ಚೋಕ್ ಮತ್ತು ಮಾಸ್ಫೆಟ್

ಬೇಡ ಗುರು. ಹಳೆಯ ಪವರ್ ಸಪ್ಲೈಗಳಲ್ಲಿ ತಾಮ್ರದ ಸುತ್ತು ಕಣ್ಣಿಗೇ ಕಾಣುವ ಬಳೆಯಂಥ ಚೋಕ್ ಇರುತ್ತದೆ, ಅಲ್ಲಿ ಅಂಟು ಸುತ್ತುಗಳ ನಡುವೆ ಇಳಿದು ಹಿಡಿಯುತ್ತದೆ. ಈಗಿನ ಕಾರ್ಡ್‌ನ ಚೋಕ್ ಎಲ್ಲ ಕಡೆ ಮುಚ್ಚಿದ ಅಚ್ಚು. ಅಂಟು ಒಳಗೆ ಹೋಗುವುದೇ ಇಲ್ಲ, ಹೊರಗೆ ಕೂತು ಶಾಖ ಹಿಡಿದಿಡುತ್ತದೆ. ಆ ಜಾಗ 80 ಡಿಗ್ರಿ ದಾಟುವುದು ಮಾಮೂಲು, ಗ್ಲೂ ಗನ್ ಅಂಟು ಅಷ್ಟರಲ್ಲಿ ಮೆತ್ತಗಾಗಿ ಜಾರುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಇನ್ನೂ ಅಪಾಯ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಅಲ್ಲದೆ ಎಷ್ಟೋ ಸಲ ಹಾಡುತ್ತಿರುವುದು ಚೋಕ್ ಅಲ್ಲ, ಪಕ್ಕದ ಸೆರಾಮಿಕ್ ಕೆಪಾಸಿಟರ್: ವೋಲ್ಟೇಜ್ ಏರಿಳಿದಾಗ ಅದು ಹಿಗ್ಗಿ ಕುಗ್ಗಿ ಬೋರ್ಡನ್ನೇ ಅದುರಿಸುತ್ತದೆ. ವಾರಂಟಿಯಂತೂ ಅಲ್ಲಿಗೆ ಮುಗಿಯಿತು.

ಪವರ್ ಸಪ್ಲೈ ಬಿಚ್ಚುವ ಯೋಚನೆಯೂ ಬೇಡ. ಪಿಎಫ್‌ಸಿ (ಲೈನ್‌ನ ಅಲೆಯ ಆಕಾರದಲ್ಲೇ ಕರೆಂಟ್ ಎಳೆಯುವ ಸರ್ಕ್ಯೂಟ್) ಇರುವ ಸಪ್ಲೈನ ದೊಡ್ಡ ಕೆಪಾಸಿಟರ್‌ನಲ್ಲಿ 380ರಿಂದ 400 ವೋಲ್ಟ್ ಡಿಸಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ.

#10 · ಮಂಗಳೂರು ಮಿನಿಟವರ್

ನನ್ನದು ತಿರುಗುಮುರುಗು. ಲೋಡ್ ಇದ್ದಾಗ ಏನೂ ಇಲ್ಲ, ಸುಮ್ಮನೆ ಇದ್ದಾಗ, ಪುಟ ಸ್ಕ್ರೋಲ್ ಮಾಡಿದಾಗ ಮದರ್‌ಬೋರ್ಡ್ ಕಡೆಯಿಂದ ಟಿಕ್ ಟಿಕ್ ಕಿರ್. ಫೆರೈಟ್ ಉಂಗುರ ಹಾಕಿದರೆ ಹೋದೀತೇ? ಹಾಗೆಯೇ ಕರೆಂಟ್ ಹೋಗಿ ಯುಪಿಎಸ್‌ಗೆ ಬಂದಾಗ ಪವರ್ ಸಪ್ಲೈ ಝೇಂಕರಿಸುತ್ತದೆ.

#11 · ಚೋಕ್ ಮತ್ತು ಮಾಸ್ಫೆಟ್

ಫೆರೈಟ್ ಕೆಲಸ ಮಾಡುವುದು ಮೆಗಾಹರ್ಟ್ಜ್‌ನಲ್ಲಿ. ಕಿವಿಗೆ ಕೇಳುವ ಸದ್ದಿಗೆ ಅದು ಏನೂ ಮಾಡದು.

ನಿಮ್ಮದು ಸಿ ಸ್ಟೇಟ್. ಪ್ರೊಸೆಸರ್ ಕೆಲಸ ಇಲ್ಲದಾಗ ನಿದ್ದೆಗೆ ಜಾರಿ, ಸೆಕೆಂಡಿಗೆ ಸಾವಿರಾರು ಸಲ ಎದ್ದು ಮಲಗುತ್ತದೆ, ಚೋಕ್‌ನ ಕರೆಂಟ್ ಅದೇ ತಾಳಕ್ಕೆ ಕುಣಿಯುತ್ತದೆ. ಬಯೋಸ್‌ನಲ್ಲಿ ಸಿ ಸ್ಟೇಟ್ ಕಂಟ್ರೋಲ್ ಪೂರ್ತಿ ಆಫ್ ಮಾಡಿ ಒಮ್ಮೆ ಕೇಳಿ. ನಿಂತರೆ ಕಾರಣ ಖಚಿತ. ಹಾಗೇ ಬಿಟ್ಟರೆ ಸುಮ್ಮನಿದ್ದಾಗಿನ ವ್ಯಾಟ್ ಮತ್ತು ಬಿಸಿ ಏರುತ್ತದೆ, ಆದ್ದರಿಂದ ವಾಪಸ್ ಆನ್ ಮಾಡಿ ಆಳದ ಹಂತಗಳನ್ನು ಮಾತ್ರ ತಡೆಯಿರಿ. ಬೋರ್ಡ್‌ನಲ್ಲಿ ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಇಳಿಸಿ ಕೊಡುವ ಸರ್ಕ್ಯೂಟ್) ಸ್ವಿಚಿಂಗ್ ಫ್ರೀಕ್ವೆನ್ಸಿ ಆಯ್ಕೆ ಇದ್ದರೆ ಒಂದು ಮೆಟ್ಟಿಲು ಏರಿಸಿ ನೋಡಬಹುದು, ಅದರ ಮಾಸ್ಫೆಟ್‌ಗಳ (ಸ್ವಿಚ್ ಕೆಲಸದ ಟ್ರಾನ್ಸಿಸ್ಟರ್) ಬಿಸಿಯ ಮೇಲೆ ಕಣ್ಣಿಡಿ.

ಯುಪಿಎಸ್ ಝೇಂಕಾರಕ್ಕೆ ಕಾರಣ ಅದರ ಅಲೆಯ ಆಕಾರ. ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. ಪಿಎಫ್‌ಸಿ ಸರ್ಕ್ಯೂಟ್ ದುಂಡಗಿನ ಸೈನ್ ಅಲೆಯನ್ನು ನಿರೀಕ್ಷಿಸಿ, ಪ್ರತಿ ಮೆಟ್ಟಿಲಿಗೂ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಫೈಲ್ ಉಳಿಸಿ ಬಂದ್ ಮಾಡುವ ಐದು ನಿಮಿಷಕ್ಕೆ ಸಹಿಸಬಹುದು. ದಿನಾ ಗಂಟೆಗಟ್ಟಲೆ ಕರೆಂಟ್ ಹೋಗುವ ಕಡೆಯಾದರೆ ಪ್ಯೂರ್ ಸೈನ್ ವೇವ್ ಎಂದು ಬರೆದಿರುವುದನ್ನೇ ಕೊಳ್ಳಿ.

#12 · ಹುಬ್ಬಳ್ಳಿ ಡೆಸ್ಕ್

ವೈರ್‌ಮನ್ ಬಂದು ಪ್ಲೇಟ್ ಬಿಚ್ಚಿದ್ರು. ಹಸಿರು ವೈರ್ ಇತ್ತು, ಸ್ಕ್ರೂಗೆ ಸಿಗಿಸಿರಲಿಲ್ಲ, ಒಳಗ ಮಡಚಿ ಇಟ್ಟಿದ್ರು. ಬಿಗದ ಮ್ಯಾಲೆ ನ್ಯೂಟ್ರಲ್‌–ಅರ್ತ್ 1.6, ಬಲ್ಬ್ ಪೂರಾ ಹತ್ತಿತು. ಮೂರನ್ನೂ ಒಂದೇ ಬೋರ್ಡ್‌ಗೆ ಹಾಕಿದೆ, ಗುಂಯ್ ಹತ್ತು ಪಾಲಿನ್ಯಾಗ ಒಂದು ಪಾಲು ಉಳದೈತಿ. ಟಿವಿ ಕೇಬಲ್ ತಗದ್ರ ಅದೂ ಇಲ್ಲ. 141 ಮಿತಿ ಇಟ್ಟ ಮ್ಯಾಲೆ ಕಿರ್ರ್ ಬಾಗಿಲು ಮುಚ್ಚಿದ್ರ ಕೇಳಂಗಿಲ್ಲ. ಚಿರ್ ಚಿರ್ ಹಿಂದಿನ ಜ್ಯಾಕಿನ್ಯಾಗ ಇಲ್ಲ, ಮುಂದಿನದರಾಗ ಇನ್ನೂ ಐತಿ. ಟಿವಿನೂ ಬೇಕು, ಮುಂದಿನ ಜ್ಯಾಕೂ ಬೇಕು. ಏನ್ ಮಾಡ್ಲ್ರಿ?

#13 · ಲೈನ್ ಔಟ್

ಟಿವಿಗೆ: ಕೇಬಲ್ ವೈರ್ ಟಿವಿಗೆ ಸೇರುವ ಮುಂಚೆ ಒಂದು ಕೊಆಕ್ಸಿಯಲ್ ಐಸೊಲೇಟರ್ ಹಾಕಿ. ಜಾಲರಿಯ ದಾರಿ ಅಲ್ಲೇ ಕಡಿಯುತ್ತದೆ, ಚಾನೆಲ್ ಬರುತ್ತವೆ. ಡಿಶ್ ಆಂಟೆನಾದ ವೈರ್ ಆದರೆ ಸಾಮಾನ್ಯ ಐಸೊಲೇಟರ್ ಹಾಕಬೇಡಿ, ಡಿಶ್‌ನ ತಲೆಗೆ ಹೋಗುವ 13 ಅಥವಾ 18 ವೋಲ್ಟ್ ಡಿಸಿ ಅದರಲ್ಲಿ ನಿಂತುಹೋಗುತ್ತದೆ.

ಸ್ಪೀಕರ್ ವೈರ್ ಮಧ್ಯೆ 1:1 ಟ್ರಾನ್ಸ್‌ಫಾರ್ಮರ್ ಇರುವ ಆಡಿಯೋ ಐಸೊಲೇಟರ್ ಹಾಕಿದರೂ ಗುಂಯ್ ಹೋಗುತ್ತದೆ. ಅಗ್ಗದ್ದರಲ್ಲಿ ಕೋರ್ ಸಣ್ಣದು, ತಗ್ಗಿನ ಸ್ವರ ಸಣಕಲಾಗುತ್ತದೆ. ಹಾಗಾಗಿ ಟಿವಿ ಕಡೆಯದೇ ಸರಿಯಾದ ಜಾಗ.

ಮುಂದಿನ ಜ್ಯಾಕಿಗೆ: ಎಚ್‌ಡಿ ಆಡಿಯೋ ಕೇಬಲ್‌ನ ದಾರಿ ಬದಲಿಸಿಯೂ ಆಗದಿದ್ದರೆ ಅದನ್ನು ಬಿಟ್ಟು, ಹಿಂದಿನ ಹಸಿರು ಜ್ಯಾಕಿನಿಂದ ಒಂದೂವರೆ ಮೀಟರ್ ಜಾಲರಿ ವೈರ್‌ನಲ್ಲಿ ಹೆಡ್‌ಫೋನ್‌ಗೆ ತುದಿ ಎಳೆದು ಮೇಜಿನ ಅಡಿಗೆ ಅಂಟಿಸಿ. ಯುಎಸ್‌ಬಿ ಡ್ಯಾಕ್ (ಹೊರಗೆ ಚುಚ್ಚುವ ಸೌಂಡ್ ಕಾರ್ಡ್) ಕೊಳ್ಳುವುದಾದರೆ ಮೌಸ್ ಇರುವ ಹಬ್‌ಗೆ ಚುಚ್ಚಬೇಡಿ, ಬೋರ್ಡ್ ಹಿಂದಿನ ಬೇರೆ ಜೋಡಿ ಪೋರ್ಟ್‌ಗೆ ಹಾಕಿ. ಹೈಸ್ಪೀಡ್ ಯುಎಸ್‌ಬಿಯ ಮಾತುಕತೆ 125 ಮೈಕ್ರೋಸೆಕೆಂಡಿಗೊಮ್ಮೆ, ಅಂದರೆ 8 ಕಿಲೋಹರ್ಟ್ಜ್. ಕಳಪೆ ಡ್ಯಾಕ್‌ನಲ್ಲಿ ಅದೇ ಸೂಜಿಯಂಥ ದನಿಯಾಗಿ ಕೇಳುತ್ತದೆ. ಹಾಡು ನಿಲ್ಲಿಸಿ ವಾಲ್ಯೂಮ್ ಏರಿಸಿ ಕೇಳಿ, ಬಂದರೆ ಅಂಗಡಿಗೆ ವಾಪಸ್ ಕೊಡಿ.

#14 · ಹುಬ್ಬಳ್ಳಿ ಡೆಸ್ಕ್

ಕೇಬಲ್‌ನವರ ವೈರೇ ಐತ್ರಿ, ಡಿಶ್ ಅಲ್ಲ. ಐಸೊಲೇಟರ್ ತರಸ್ತೇನಿ. ಹಿಂದಿನ ಜ್ಯಾಕಿನಿಂದ ತುದಿ ಎಳೆಯೂದು ಇವತ್ತ ಮಾಡ್ತೇನ್ರಿ.